ಮೂರನೆಯ ಮದ್ದು



ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಎಷ್ಟೋ ಸಲ ಬೆನ್ನುನೋವಿನ ವೇಷದಲ್ಲಿ ಬರುತ್ತದೆ. ಎಣ್ಣೆ ತಿಕ್ಕಿಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿಸಿ ತಿಂಗಳುಗಟ್ಟಲೆ ಕಳೆದ ಮೇಲೆ ರಕ್ತಪರೀಕ್ಷೆಯ ವರದಿಯಲ್ಲಿ ‘ಎಂ-ಬ್ಯಾಂಡ್’ ಎಂಬ ಚೂಪು ಮೊನೆಯೊಂದು ಕಾಣಿಸುತ್ತದೆ. ಎಲುಬಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳು ಅಂಕೆ ಮೀರಿ ಬೆಳೆದು, ಕೆಲಸಕ್ಕೆ ಬಾರದ ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತಿರುವುದರ ಗುರುತು ಅದು. ಚಿಕಿತ್ಸೆ ಕೊಟ್ಟರೆ ಮೊನೆ ತಗ್ಗುತ್ತದೆ. ಹೆಚ್ಚಿನವರಲ್ಲಿ ಮುಂದೊಂದು ದಿನ ಮತ್ತೆ ತಲೆ ಎತ್ತುತ್ತದೆ.

ಮರಳಿ ಬಂದ ರೋಗ ಒಂದೇ ಮದ್ದಿಗೆ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕೇ ಬೇರೆ ಬೇರೆ ಕಡೆಯಿಂದ ಹೊಡೆಯುವ ಮದ್ದುಗಳನ್ನು ಕೂಡಿಸುತ್ತಾರೆ. 2016ರಲ್ಲಿ ಪ್ರಕಟವಾದ ‘ಪೊಲಕ್ಸ್’ ಪ್ರಯೋಗದಲ್ಲಿ 569 ರೋಗಿಗಳಿದ್ದರು. ಲೆನಾಲಿಡೊಮೈಡ್, ಡೆಕ್ಸಾಮೆಥಾಸೋನ್ ಜೊತೆಗೆ ಡಾರಾಟುಮುಮಾಬನ್ನೂ ಪಡೆದವರಲ್ಲಿ ವರ್ಷ ತುಂಬಿದಾಗ ರೋಗ ಉಲ್ಬಣಿಸದೆ ಉಳಿದವರು ನೂರಕ್ಕೆ 83. ಮೊದಲಿನ ಎರಡೇ ಮದ್ದು ಪಡೆದವರಲ್ಲಿ 60. ಸೇರಿಸಿದ್ದು ಸಾರ್ಥಕವಾಯಿತು.

ಆದರೆ ಸೇರಿಸಿದ್ದೆಲ್ಲ ಹಾಗಾಗುವುದಿಲ್ಲ. ‘ಬೆಲ್ಲಿನಿ’ ಪ್ರಯೋಗದ ಕತೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆಗಲೇ ಒಂದರಿಂದ ಮೂರು ಸುತ್ತಿನ ಚಿಕಿತ್ಸೆ ಮುಗಿಸಿದ್ದ 291 ರೋಗಿಗಳು. ಎಲ್ಲರಿಗೂ ಬೋರ್ಟೆಜೋಮಿಬ್ ಮತ್ತು ಡೆಕ್ಸಾಮೆಥಾಸೋನ್. ಅದರ ಮೇಲೆ 194 ಮಂದಿಗೆ ವೆನೆಟೊಕ್ಲಾಕ್ಸ್, 97 ಮಂದಿಗೆ ನೋಡಲು ಅದರಂತೆಯೇ ಇರುವ ಹುಸಿ ಮಾತ್ರೆ. ಯಾರ ಕೈಯಲ್ಲಿ ಯಾವುದಿದೆ ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ರೋಗ ಹತೋಟಿಯಲ್ಲಿದ್ದ ಮಧ್ಯಮ ಅವಧಿ ಹೊಸ ಮದ್ದಿನವರಲ್ಲಿ 22.4 ತಿಂಗಳು, ಉಳಿದವರಲ್ಲಿ 11.5. ಹೆಚ್ಚುಕಡಿಮೆ ಎರಡು ಪಟ್ಟು! ಇಷ್ಟನ್ನೇ ನೋಡಿದ್ದರೆ ಹಬ್ಬ ಮಾಡಬಹುದಿತ್ತು. ಆದರೆ ಸಾವಿನ ಲೆಕ್ಕ ತೆಗೆದಾಗ ಹೊಸ ಮದ್ದಿನವರಲ್ಲಿ 41, ಹುಸಿ ಮಾತ್ರೆಯವರಲ್ಲಿ 11. ಎಂದರೆ ನೂರಕ್ಕೆ 21, ನೂರಕ್ಕೆ 11. ಕ್ಯಾನ್ಸರ್ ಹಿಮ್ಮೆಟ್ಟುತ್ತಿತ್ತು, ಆದರೆ ಕೆಲವರು ಸೋಂಕು ತಗುಲಿ ಹೋಗುತ್ತಿದ್ದರು. 2019ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಮೈಲೋಮಾಕ್ಕೆ ಈ ಮದ್ದಿನ ಪ್ರಯೋಗಗಳಿಗೆ ಹೊಸಬರನ್ನು ಸೇರಿಸಿಕೊಳ್ಳುವುದು ಆಗ ನಿಂತಿತು.

“ನಮ್ಮಪ್ಪನ ಮೇಲೆ ಪ್ರಯೋಗ ಮಾಡ್ತೀರಾ ಸಾರ್? ಅದೂ ಸುಳ್ಳು ಮಾತ್ರೆ ಕೊಟ್ಟು?” ಎಂದು ಕೇಳುವ ಮಕ್ಕಳ ಸಂಕಟ ನನಗೆ ಅರ್ಥವಾಗುತ್ತದೆ. ಅವರಿಗೆ ಈ 97 ಮಂದಿಯನ್ನು ತೋರಿಸಬೇಕೆನಿಸುತ್ತದೆ. ಅವರನ್ನು ಯಾರೂ ಚಿಕಿತ್ಸೆಯಿಲ್ಲದೆ ಕೂರಿಸಿರಲಿಲ್ಲ; ಚಾಲ್ತಿಯಲ್ಲಿದ್ದ ಎರಡು ಮದ್ದೂ ಅವರಿಗೆ ಸಿಗುತ್ತಿತ್ತು. ಹೋಲಿಸಿ ನೋಡಲು ಅವರು ಇಲ್ಲದೆ ಹೋಗಿದ್ದರೆ ಆ ಸಾವುಗಳನ್ನೆಲ್ಲ ರೋಗದ ತಲೆಗೇ ಕಟ್ಟಿಬಿಡುತ್ತಿದ್ದೆವು.

ಇನ್ನೊಂದು ಸುಳಿವೂ ಇತ್ತು. ಕ್ಯಾನ್ಸರ್ ಕೋಶದ 11 ಮತ್ತು 14ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿದ್ದವರಿಗೆ ಅದೇ ವೆನೆಟೊಕ್ಲಾಕ್ಸ್ ಒಗ್ಗಿದಂತೆ ಕಂಡಿತು. ಅಂಥವರನ್ನೇ, 263 ಮಂದಿಯನ್ನು, ಆರಿಸಿ ‘ಕನೋವಾ’ ಪ್ರಯೋಗ ನಡೆಸಿದರು. ಈ ಸಲ ಹೋಲಿಕೆ ಪೊಮಾಲಿಡೊಮೈಡ್ ಜೊತೆ. 2023ರಲ್ಲಿ ಫಲಿತಾಂಶ ಬಂತು: ರೋಗ ಹತೋಟಿಯಲ್ಲಿದ್ದ ಮಧ್ಯಮ ಅವಧಿ ವೆನೆಟೊಕ್ಲಾಕ್ಸ್ ಪಡೆದವರಲ್ಲಿ 9.9 ತಿಂಗಳು, ಪೊಮಾಲಿಡೊಮೈಡ್ ಪಡೆದವರಲ್ಲಿ 5.8 ತಿಂಗಳು. ಅಂತರವಿದೆ; ಆದರೆ ಅದು ಆಕಸ್ಮಿಕವಲ್ಲ ಎಂದು ಹೇಳುವಷ್ಟು ಗಟ್ಟಿಯಾಗಿರಲಿಲ್ಲ.