ಬಾಯಲ್ಲಿ ಹೇಳಿದ ಸಿನಿಮಾ

ಕಾದಂಬರಿ ಸಿನಿಮಾ ಆದಾಗಲೆಲ್ಲ ‘ಪುಸ್ತಕದಷ್ಟು ಚೆನ್ನಾಗಿಲ್ಲ’ ಎಂಬ ಮಾತು ಕೇಳಿಬರುತ್ತದೆ. ಆದರೆ ಸಿನಿಮಾದ ಕಥೆಗಳನ್ನು ಬಾಯಲ್ಲಿ ಹೇಳುವುದೇ ಒಂದು ಕಾದಂಬರಿಯ ಜೀವಾಳವಾಗಿದ್ದರೆ ಅದನ್ನು ಮತ್ತೆ ತೆರೆಗೆ ತರುವುದು ಹೇಗೆ? ಬ್ರೆಜಿಲ್‌ನ ನಿರ್ದೇಶಕ ಹೆಕ್ಟರ್ ಬಬೆಂಕೊ ಅವರ 1985ರ ‘ಕಿಸ್ ಆಫ್ ದಿ ಸ್ಪೈಡರ್ ವುಮನ್’ ಚಿತ್ರದ ಮುಂದಿದ್ದದ್ದು ಈ ಪ್ರಶ್ನೆ.

ಮೂಲ ಕಾದಂಬರಿ ಅರ್ಜೆಂಟೀನಾದ ಮಾನ್ವೆಲ್ ಪುಯಿಗ್ ಅವರದು. 1973ರಲ್ಲಿ ದೇಶ ಬಿಟ್ಟ ಪುಯಿಗ್ ಬರೆದ ಈ ಕೃತಿ 1976ರಲ್ಲಿ ಸ್ಪೇನಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರ ಹಿಡಿಯಿತು; ಅಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ಬಬೆಂಕೊ ಕೂಡ ಹುಟ್ಟಿನಿಂದ ಅರ್ಜೆಂಟೀನಾದವರೇ, ಬ್ರೆಜಿಲ್‌ನಲ್ಲಿ ನೆಲೆಸಿದವರು. ಆ ದೇಶವನ್ನೂ 1964ರಿಂದ 1985ರವರೆಗೆ ಆಳಿದ್ದು ಸೇನೆಯೇ. ಚಿತ್ರದ ಭಾಷೆ ಇಂಗ್ಲಿಷ್, ಚಿತ್ರೀಕರಣ ನಡೆದದ್ದು ಸಾವೊ ಪಾವ್ಲೊ ನಗರದಲ್ಲಿ.

ಕಥೆ ನಡೆಯುವುದು ಒಂದು ಜೈಲುಕೋಣೆಯಲ್ಲಿ. ಮೊಲಿನಾ ಸಲಿಂಗಪ್ರೇಮಿ; ಅಂಗಡಿಗಳ ಗಾಜಿನ ಕಿಟಕಿ ಅಲಂಕರಿಸುತ್ತಿದ್ದವನು, ಅಪ್ರಾಪ್ತನೊಬ್ಬನ ವಿಷಯದ ಅಪರಾಧಕ್ಕೆ ಶಿಕ್ಷೆಗೊಳಗಾದವನು. ವ್ಯಾಲೆಂಟಿನ್ ಎಡಪಂಥೀಯ ಹೋರಾಟಗಾರ, ರಾಜಕೀಯ ಕೈದಿ. ಹೊತ್ತು ಕಳೆಯಲು ಮೊಲಿನಾ ತಾನು ನೋಡಿದ ಚಿತ್ರಗಳ ಕಥೆ ಹೇಳುತ್ತಾನೆ. ಜರ್ಮನ್ ಅಧಿಕಾರಿಯನ್ನು ಪ್ರೀತಿಸುವ ಪ್ಯಾರಿಸ್ ಗಾಯಕಿಯ ಕಥೆ ಅವನಿಗೆ ಬಲು ಇಷ್ಟ. ಅದು ನಾಜಿಗಳ ಪ್ರಚಾರಚಿತ್ರವೆಂದು ವ್ಯಾಲೆಂಟಿನ್ ರೇಗುತ್ತಾನೆ. ಒಬ್ಬನಿಗೆ ಅದರಲ್ಲಿ ಕಾಣುವುದು ಪ್ರೇಮ, ಇನ್ನೊಬ್ಬನಿಗೆ ಮೋಸ.

ಮೋಸ ಕೋಣೆಯೊಳಗೂ ಇದೆ. ಗೆಳೆಯನ ಗುಟ್ಟು ತಿಳಿದು ಹೇಳಿದರೆ ಬಿಡುಗಡೆ ಎಂದು ಜೈಲಿನ ಅಧಿಕಾರಿಗಳು ಮೊಲಿನಾನಿಗೆ ಆಸೆ ಹುಟ್ಟಿಸಿದ್ದಾರೆ. ವಿಷ ಬೆರೆಸಿದ ಊಟ ತಿಂದು ವ್ಯಾಲೆಂಟಿನ್ ಬಟ್ಟೆಯಲ್ಲೇ ಹೊಲಸು ಮಾಡಿಕೊಂಡಾಗ ಅಸಹ್ಯಪಡದೆ ತೊಳೆದು ಒರೆಸುವವನೂ ಅದೇ ಮೊಲಿನಾ. ಗುಟ್ಟು ತಿಳಿಯಲು ಬಂದವನು ಪ್ರೀತಿಸತೊಡಗುತ್ತಾನೆ.

ಪುಯಿಗ್ ಈ ಕಾದಂಬರಿಯನ್ನು ಬಹುಪಾಲು ಬರಿಯ ಸಂಭಾಷಣೆಯಲ್ಲೇ ಬರೆದಿದ್ದಾರೆ. ಅದರಲ್ಲಿ ಮೊಲಿನಾ ಹೇಳುವ ಚಿತ್ರಗಳು ಹಲವು. ಚಿರತೆಯಾಗುವ ಹೆಣ್ಣಿನ ಕಥೆಯೂ ಅವುಗಳಲ್ಲಿ ಒಂದು. ಕತ್ತಲೆಯಲ್ಲಿ ಕೇಳುವ ವ್ಯಾಲೆಂಟಿನ್‌ನಂತೆ ಓದುಗನೂ ಎಲ್ಲವನ್ನೂ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ತೆರೆಯ ಮೇಲೆ ಈ ಕೆಲಸ ಪ್ರೇಕ್ಷಕನಿಗೆ ತಪ್ಪುತ್ತದೆ. ಚಿತ್ರಕಥೆ ಬರೆದ ಲೆನಾರ್ಡ್ ಶ್ರೇಡರ್ ಮುಖ್ಯವಾಗಿ ನಾಜಿ ಚಿತ್ರದ ಕಥೆಯನ್ನಷ್ಟೇ ಉಳಿಸಿಕೊಂಡರು. ಇದು ನಷ್ಟವೇ ಸರಿ.

ಲಾಭವೂ ಇದೆ. ಕಥೆಯ ಗಾಯಕಿ ಲೆನಿ, ವ್ಯಾಲೆಂಟಿನ್ ಪ್ರೀತಿಸಿದ ಮಾರ್ತಾ, ಮೊಲಿನಾನ ಕಲ್ಪನೆಯ ಜೇಡರ ಹೆಣ್ಣು — ಈ ಮೂವರನ್ನೂ ಅಭಿನಯಿಸಿದವರು ಬ್ರೆಜಿಲ್‌ನ ನಟಿ ಸೋನಿಯಾ ಬ್ರಾಗಾ ಒಬ್ಬರೇ. ಮೂರು ಹೆಸರಿಗೆ ಒಂದೇ ಮುಖ ಕೊಡುವುದು ಅಕ್ಷರಕ್ಕೆ ಸುಲಭವಲ್ಲ, ಕ್ಯಾಮೆರಾಕ್ಕೆ ಸುಲಭ.

ಅದರ ಬೆಲೆ ತಿಳಿಯುವುದು ಕೊನೆಯಲ್ಲಿ. ಬಿಡುಗಡೆಯಾದ ಮೊಲಿನಾ ಗೆಳೆಯನ ಸಂದೇಶ ತಲುಪಿಸಲು ಹೋಗಿ ಗುಂಡಿಗೆ ಬಲಿಯಾಗುತ್ತಾನೆ. ಗುಟ್ಟನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಇತ್ತ ಚಿತ್ರಹಿಂಸೆಯಿಂದ ಜರ್ಜರಿತನಾದ ವ್ಯಾಲೆಂಟಿನ್, ನೋವು ಮರೆಸುವ ಮಾರ್ಫಿನ್‌ನ ಮಂಪರಿನಲ್ಲಿ ಕನಸು ಕಾಣುತ್ತಾನೆ. ಮಾರ್ತಾ ಬಂದು ಅವನ ಕೈಹಿಡಿದು ಜೈಲಿನಾಚೆಗೆ, ಕಡಲಿನತ್ತ ಕರೆದೊಯ್ಯುತ್ತಾಳೆ. ಆದರೆ ಅವಳ ಮುಖ ಮೊಲಿನಾ ಹೇಳಿದ ಕಥೆಯ ಮುಖವೇ! ಸಿನಿಮಾ ಎಂದರೆ ಪಲಾಯನ ಎಂದು ಜರೆದವನು ಕಡೆಗೆ ತನ್ನದೇ ಒಂದು ಸಿನಿಮಾ ಕಟ್ಟಿಕೊಂಡು ಬದುಕುತ್ತಾನೆ.

ಮೊಲಿನಾನ ಪಾತ್ರಕ್ಕೆ ವಿಲಿಯಂ ಹರ್ಟ್ ಅವರಿಗೆ 1985ರಲ್ಲಿ ಕಾನ್ ಉತ್ಸವದ ಶ್ರೇಷ್ಠ ನಟ ಪ್ರಶಸ್ತಿಯೂ 1986ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂದವು. ವ್ಯಾಲೆಂಟಿನ್ ಆಗಿದ್ದ ರಾವುಲ್ ಹೂಲಿಯಾ ಅವರ ಪಾತ್ರವೂ ಅಷ್ಟೇ ತೂಕದ್ದು. ಹೇಳುವವನಿಗೆ ಬೆಲೆ ಬರುವುದು ಕೇಳುವವನು ಬದಲಾದಾಗ. ಆ ಬದಲಾವಣೆ ಕಾಣುವುದು ಹೂಲಿಯಾ ಅವರ ಮುಖದಲ್ಲಿ.