ಎಂಬತ್ತೇಳರಲ್ಲೊಂದು ಪಾಲು ಘಟ್ಟ

(ಸಂಘದ ಸಂಸ್ಥಾಪನಾ ದಿನದಂದು, ಮಾದರಿ ರೈಲು ಪ್ರದರ್ಶನದ ಮುನ್ನ ಮಾಡಿದ ಭಾಷಣ)



ನಮಗೆ ಕೊಟ್ಟಿರುವ ಸಮಯ ಹದಿನೈದು ನಿಮಿಷ. ಒಳಗಿನಿಂದ ಬಿಸಿಬೇಳೆ ಹುಳಿಯನ್ನದ ವಾಸನೆ ಬರುತ್ತಿರುವುದರಿಂದ ಹತ್ತು ನಿಮಿಷಕ್ಕೇ ಮುಗಿಸುವ ಪ್ರಯತ್ನ ಮಾಡುತ್ತೇವೆ.

ನಾವು ನಾಲ್ಕು ಮನೆಯವರು ಸೇರಿ ಎರಡು ವರ್ಷದಿಂದ ಒಂದು ಗ್ಯಾರೇಜಿನಲ್ಲಿ ಏನೋ ಮಾಡುತ್ತಿದ್ದೇವೆ ಎಂಬುದು ನಿಮಗೆಲ್ಲ ಗೊತ್ತು. ‘ಮಕ್ಕಳ ಆಟದ ಸಾಮಾನು ಇಟ್ಟುಕೊಂಡು ಗಂಡಸರು ಆಡುತ್ತಿದ್ದಾರೆ’ ಎಂದು ನಮ್ಮ ಮನೆಯವರೇ ನಗುತ್ತಿದ್ದರು. ಆ ಮಾತಿನಲ್ಲಿ ಸುಳ್ಳೇನಿಲ್ಲ. ಶುರುವಾದದ್ದು ಹಾಗೆಯೇ. ನಮ್ಮಲ್ಲೊಬ್ಬರ ಮಗನಿಗೆ ಹುಟ್ಟುಹಬ್ಬಕ್ಕೆ ಒಂದು ಹಾರ್ನ್‌ಬಿ ರೈಲಿನ ಸೆಟ್ಟು ಬಂತು. ದುಂಡನೆಯ ಹಳಿ, ಒಂದು ಇಂಜಿನ್, ಎರಡು ಡಬ್ಬಿ. ಹುಡುಗ ಒಂದು ವಾರ ಆಡಿ ಬಿಟ್ಟ. ಅಪ್ಪ ಬಿಡಲಿಲ್ಲ.

ಈ ಹವ್ಯಾಸಕ್ಕೆ ಇಳಿದವರಿಗೆ ಮೊದಲು ಎದುರಾಗುವುದು ಅಳತೆಯ ಗೊಂದಲ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ತನ್ನ ಆಟದ ರೈಲಿನ ಹಳಿಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟಿತು. ಆಮೇಲೆ ಒಂದಕ್ಕಿಂತ ಚಿಕ್ಕದು ಬಂದಾಗ ಅದಕ್ಕೆ ಸೊನ್ನೆ ಎಂದರು. ಆ ಸೊನ್ನೆಯನ್ನೇ ಜನ ‘ಓ’ ಎಂದು ಓದಿದರು. ಅದರ ಅರ್ಧಕ್ಕೆ ‘ಎಚ್‌ಓ’, ಅಂದರೆ ಹಾಫ್ ಓ ಎಂಬ ಹೆಸರು ಬಂತು. ಎಚ್‌ಓದಲ್ಲಿ ಎಲ್ಲವೂ ನಿಜದ ಎಂಬತ್ತೇಳರಲ್ಲೊಂದು ಪಾಲು. ಹಳಿಯ ಅಗಲ 16.5 ಮಿ.ಮೀ.

ಇಂಗ್ಲೆಂಡಿನವರು ಇಲ್ಲೂ ತಮ್ಮದೇ ದಾರಿ ಹಿಡಿದರು. ಬ್ರಿಟಿಷ್ ಇಂಜಿನ್ನುಗಳು ಯೂರೋಪಿನವಕ್ಕಿಂತ ಗಾತ್ರದಲ್ಲಿ ಚಿಕ್ಕವು. ಅಂದಿನ ಮೋಟಾರು ಎಂಬತ್ತೇಳರ ಅಳತೆಯ ಒಡಲಿನೊಳಗೆ ಹಿಡಿಸಲಿಲ್ಲ. ಆದ್ದರಿಂದ ಒಡಲನ್ನು ಎಪ್ಪತ್ತಾರರಲ್ಲೊಂದು ಪಾಲಿಗೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5ರಲ್ಲೇ ಉಳಿಸಿಕೊಂಡರು. ಇದೇ ‘ಡಬಲ್ ಓ’. ಲೆಕ್ಕದ ಪ್ರಕಾರ ಹಳಿ 18.83 ಮಿ.ಮೀ. ಇರಬೇಕಿತ್ತು. ದಪ್ಪ ಮನುಷ್ಯ ಚಿಕ್ಕ ಚಪ್ಪಲಿ ಹಾಕಿಕೊಂಡಂತೆ ಇಲ್ಲಿನ ಮಾದರಿ ರೈಲುಗಳು ಇಂದಿಗೂ ಓಡುತ್ತಿವೆ. ಈ ಎರಡು ಮಿಲಿಮೀಟರಿಗಾಗಿ ಕ್ಲಬ್ಬುಗಳಲ್ಲಿ ಗೆಳೆಯರು ವಾದಕ್ಕೆ ಬೀಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹೀಗಿರಲು ಒಂದು ಸಂಜೆ ನಮಗೆ ಅನಿಸಿತು: ಇಲ್ಲಿನ ಹಳ್ಳಿಯ ನಿಲ್ದಾಣವನ್ನು ಇಲ್ಲಿನವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ನಾವು ನಮ್ಮ ರೈಲನ್ನೇ ಏಕೆ ಮಾಡಬಾರದು? ನಮ್ಮ ನೆನಪಿನ ರೈಲೆಂದರೆ ಮೀಟರ್ ಗೇಜು. ಅಜ್ಜಿಯ ಮನೆಗೆ ಹೋದದ್ದು, ಕಾಲೇಜಿಗೆ ಸೇರಲು ಟ್ರಂಕು ಹೊತ್ತು ಹೊರಟದ್ದು, ಎಲ್ಲವೂ ಆ ಚಿಕ್ಕ ಗಾಡಿಯಲ್ಲೇ. 1992ರಲ್ಲಿ ದೇಶದಾದ್ಯಂತ ಹಳಿಗಳನ್ನು ಅಗಲ ಮಾಡುವ ಯೋಜನೆ ಹೊರಟ ಮೇಲೆ ಕರ್ನಾಟಕದಲ್ಲಿ ಅದು ಮರೆಯಾಯಿತು. ಈಗ ನೋಡಬೇಕೆಂದರೆ ಮೈಸೂರಿನಂಥ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಲೆಕ್ಕವೂ ನಮ್ಮ ಕಡೆಗೇ ಇತ್ತು. ಮೀಟರನ್ನು ಎಂಬತ್ತೇಳರಿಂದ ಭಾಗಿಸಿದರೆ ಹನ್ನೊಂದೂವರೆ ಮಿ.ಮೀ. ಅಂಗಡಿಯಲ್ಲಿ 12 ಮಿ.ಮೀ. ಹಳಿ ಸಿಗುತ್ತದೆ. ಏಕೆಂದರೆ ಸ್ವಿಟ್ಜರ್ಲೆಂಡಿನ ಪರ್ವತಗಳಲ್ಲಿ ಓಡುವ ರೇಷಿಯನ್ ರೈಲು ಕೂಡ ಮೀಟರ್ ಗೇಜೇ! ಆಲ್ಪ್ಸಿಗೂ ನಮ್ಮ ಮಲೆನಾಡಿಗೂ ಇಂಥದೊಂದು ನೆಂಟಸ್ತನ ಇದೆಯೆಂದು ನಮಗೆ ಅಂದೇ ತಿಳಿದದ್ದು. ಸ್ವಿಸ್ ಇಂಜಿನ್ನಿನ ಚಕ್ರ ಮತ್ತು ಮೋಟಾರು ಉಳಿಸಿಕೊಂಡು, ಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಮ್ಮ ವೈಡಿಎಂ-4 ಡೀಸೆಲ್ಲಿನ ಒಡಲು ಕೂರಿಸಿದೆವು.

ಆರಿಸಿಕೊಂಡದ್ದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟ. 1979ರಲ್ಲಿ ತೆರೆದ ದಾರಿ. ಸುಮಾರು 55 ಕಿ.ಮೀ., 57 ಸುರಂಗ, ಐವತ್ತಡಿಗೆ ಒಂದಡಿ ಇಳಿಜಾರು. 1996ರಲ್ಲಿ ಮೀಟರ್ ಗೇಜ್ ನಿಂತಿತು. ಬ್ರಾಡ್‌ಗೇಜಿನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರಲ್ಲಿ. ಈ ದಾರಿಯನ್ನು ಎಂಬತ್ತೇಳರಲ್ಲೊಂದು ಪಾಲು ಮಾಡಿದರೂ 632 ಮೀಟರ್ ಉದ್ದವಾಗುತ್ತದೆ. ನಮ್ಮಲ್ಲಿದ್ದದ್ದು ಕಾರಿನ ಹಿಂಬದಿಯಲ್ಲಿ ಹಿಡಿಸುವ, ನಾಲ್ಕಡಿ ಉದ್ದ ಎರಡಡಿ ಅಗಲದ ನಾಲ್ಕು ಹಲಗೆ. ಒಟ್ಟು ಹದಿನಾರಡಿ. ಆದ್ದರಿಂದ ಘಟ್ಟದ ನಡುವೆ ಒಂದು ಊಹೆಯ ನಿಲ್ದಾಣ, ಎರಡು ಹಳಿ, ಒಂದು ಸೇತುವೆ, ಮೂರು ಸುರಂಗ ಎಂದು ತೀರ್ಮಾನಿಸಿದೆವು. ಹಳಿ ಕೂರಿಸಿ, ಅಂಟು ಬೆರೆಸಿದ ನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟು ಜಲ್ಲಿ ಗಟ್ಟಿ ಮಾಡಿ, ಹಳೆಯ ಸ್ಪಂಜಿನ ಚೂರಿಗೆ ಹಸಿರು ಬಣ್ಣ ಬಳಿದು ಕಾಡು ಬೆಳೆಸುವಷ್ಟರಲ್ಲಿ ಒಂದೂವರೆ ವರ್ಷ ಕಳೆಯಿತು.

ಆಗ ನಮ್ಮಲ್ಲೊಬ್ಬರ ಮಾವನವರು ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದರು. ಎಂಬತ್ತು ದಾಟಿದವರು. ಮೀಟರ್ ಗೇಜಿನ ಕಾಲದಲ್ಲಿ ಘಟ್ಟದ ದಾರಿಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದವರು. ಇಲ್ಲಿಗೆ ಬರುವ ಹಿರಿಯರ ಪಾಡು ನಿಮಗೆ ಗೊತ್ತು. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ; ಹೊರಗೆ ಚಳಿ, ಮಾತಾಡಲು ಜನವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಬಳಿ ಕೂತಿರುತ್ತಿದ್ದರು. ಇದ್ದ ಮೊಮ್ಮಗನಿಗೂ ಅವರಿಗೂ ‘ಊಟ ಆಯ್ತಾ ತಾತ’ ಎನ್ನುವುದರಾಚೆ ಮಾತಿರಲಿಲ್ಲ.

ಒಂದು ಭಾನುವಾರ ಅವರನ್ನು ಗ್ಯಾರೇಜಿಗೆ ಕರೆತಂದೆವು. ಹೊಗಳಿಯಾರು ಎಂದು ಒಳಗೊಳಗೇ ಆಸೆ. ಅವರು ಕನ್ನಡಕ ಸರಿಮಾಡಿಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಲ ನಡೆದರು. ಆಮೇಲೆ ಕೇಳಿದರು: ‘ಕ್ಯಾಚ್ ಸೈಡಿಂಗ್ ಎಲ್ಲಪ್ಪಾ?’

ಜಾಗ ಸಾಲದೆ ಬಿಟ್ಟೆವು ಎಂದೆವು. ಅವರು ತಲೆಯಾಡಿಸಿದರು. ‘ಹಾಗಾದ್ರೆ ನಾನು ಈ ಸ್ಟೇಷನ್ನಿಗೆ ಲೈನ್ ಕ್ಲಿಯರ್ ಕೊಡೋದಿಲ್ಲ.’

ತಿಳಿಯದವರಿಗಾಗಿ ಹೇಳುತ್ತೇವೆ. ಕಡಿದಾದ ಇಳಿಜಾರು ನಿಲ್ದಾಣದ ಕಡೆಗೆ ಬರುವಲ್ಲಿ, ನಿಲ್ದಾಣಕ್ಕೆ ಮೊದಲೇ ಒಂದು ಕವಲು ಹಳಿ ಇರುತ್ತದೆ. ಅದು ಏರುತ್ತಾ ಹೋಗಿ ಕೊನೆಯಾಗುತ್ತದೆ. ಪಾಯಿಂಟು ಸದಾ ಆ ಕವಲಿಗೇ ತಿರುಗಿರುತ್ತದೆ. ಇಳಿದು ಬರುವ ಗಾಡಿ ಮೊದಲು ನಿಲ್ಲಬೇಕು. ಬ್ರೇಕು ಹಿಡಿತದಲ್ಲಿದೆ ಎಂದು ಖಾತ್ರಿಯಾದ ಮೇಲೆಯೇ ಪಾಯಿಂಟನ್ನು ನಿಲ್ದಾಣದತ್ತ ತಿರುಗಿಸುವುದು. ಹಿಡಿತ ತಪ್ಪಿದ ಗಾಡಿ ಕವಲು ಹತ್ತಿ ತಾನೇ ನಿಲ್ಲುತ್ತದೆ. ನಿಲ್ದಾಣದಲ್ಲಿ ನಿಂತ ಇನ್ನೊಂದು ಗಾಡಿಯ ಜನ ಉಳಿಯುತ್ತಾರೆ.

ನಮ್ಮಲ್ಲಿ ವಾದವಾಯಿತು. ಪ್ರದರ್ಶನಕ್ಕೆ ಐದೇ ತಿಂಗಳಿತ್ತು. ಗಟ್ಟಿಯಾದ ಜಲ್ಲಿ ಕಿತ್ತು, ಗುಡ್ಡ ಒಡೆದು, ಐದನೆಯ ಹಲಗೆ ಸೇರಿಸಬೇಕು. ‘ಆಟದ ರೈಲಿಗೆ ಇದೆಲ್ಲ ಏಕೆ? ನೋಡುವವರಿಗೆ ಗೊತ್ತಾಗುತ್ತದೆಯೇ?’ ಎಂದು ನಮ್ಮಲ್ಲೇ ಇಬ್ಬರು ಕೇಳಿದರು. ಒಬ್ಬರಂತೂ ಸ್ವಲ್ಪ ಒರಟಾಗಿಯೇ, ‘ನಿಮ್ಮ ಇಂಜಿನ್ನಿಗೆ ಆರು ಅಚ್ಚು ಇರಬೇಕು, ನಮ್ಮದಕ್ಕೆ ನಾಲ್ಕೇ ಇದೆ. ಅದನ್ನು ಹೇಗೆ ಒಪ್ಪಿದಿರಿ?’ ಎಂದರು. ಹಿರಿಯರಿಗೆ ಬೇಸರವಾಗಲಿಲ್ಲ. ‘ಐವತ್ತೇಳು ಸುರಂಗ ಮೂರಾದರೆ ಚಿಂತೆಯಿಲ್ಲ, ಅಚ್ಚು ಎರಡು ಕಮ್ಮಿಯಾದರೆ ಚಿಂತೆಯಿಲ್ಲ. ಅದೆಲ್ಲ ನೋಡೋದಕ್ಕೆ. ಇದು ಜನರನ್ನ ಕಾಯೋದಕ್ಕೆ’ ಎಂದರು.

ಮರುದಿನವೇ ಉಳಿ ಹಿಡಿದೆವು. ಆಮೇಲೆ ಅವರು ಕಿಟಕಿಯ ಬಳಿ ಕೂರಲಿಲ್ಲ. ಶಾಲೆ ಬಿಟ್ಟ ಮೊಮ್ಮಗ ನೇರ ಗ್ಯಾರೇಜಿಗೆ ಬರುತ್ತಿದ್ದ. ಪಕ್ಕದ ನಿಲ್ದಾಣವನ್ನು ಕೇಳದೆ ಗಾಡಿ ಬಿಡಬಾರದು. ಟೋಕನ್ ಕೈಗೆ ಬಾರದೆ ಡ್ರೈವರು ಹೊರಡಬಾರದು. ರಾತ್ರಿ ಮಳೆ ಸುರಿದರೆ ಹಳಿ ಕಾಯುವವನು ಲಾಂದ್ರ ಹಿಡಿದು ಗಸ್ತು ಹೋಗಬೇಕು — ಇದೆಲ್ಲವನ್ನೂ ತಾತ ಕನ್ನಡದಲ್ಲೇ ಹೇಳುತ್ತಿದ್ದರು. ಹುಡುಗನಿಗೆ ಇಂಗ್ಲಿಷಿನಲ್ಲಿ ಕೇಳಿ ಉಪಯೋಗವಿಲ್ಲವೆಂದು ಗೊತ್ತಾಗಿ, ಅವನೂ ಕನ್ನಡದಲ್ಲೇ ಕೇಳತೊಡಗಿದ. ನಮ್ಮ ಕನ್ನಡ ಶಾಲೆ ಮೂರು ವರ್ಷದಲ್ಲಿ ಮಾಡಲಾಗದ್ದನ್ನು ಒಂದು ಕವಲು ಹಳಿ ಮಾಡಿತು. ಶಾಲೆಯ ಶಿಕ್ಷಕಿಯರು ಕ್ಷಮಿಸಬೇಕು!

ಕಳೆದ ತಿಂಗಳು ಪೂರ್ತಿ ಓಟದ ಪರೀಕ್ಷೆ ಮಾಡುವಾಗ ಮೇಲಿನ ಸುರಂಗದ ಬಳಿ ಒಂದು ಡಬ್ಬಿಯ ಕೊಂಡಿ ಕಳಚಿತು. ನಾವು ಕೈ ಚಾಚುವಷ್ಟರಲ್ಲಿ ಅದು ಇಳಿಜಾರಿನಲ್ಲಿ ಓಡಿತು. ಕೆಳಗೆ ನಿಲ್ದಾಣದಲ್ಲಿ ಇನ್ನೊಂದು ಗಾಡಿ ನಿಂತಿತ್ತು. ಆದರೆ ಪಾಯಿಂಟನ್ನು ಹುಡುಗ ಕವಲಿಗೇ ತಿರುಗಿಸಿಟ್ಟಿದ್ದ. ಡಬ್ಬಿ ಕವಲು ಹತ್ತಿ, ನಿಧಾನವಾಗಿ, ಮೆತ್ತಗೆ ನಿಂತಿತು. ಯಾರೂ ಮಾತಾಡಲಿಲ್ಲ. ತಾತ ಅಷ್ಟರಲ್ಲಿ ಊರಿಗೆ ಹಿಂದಿರುಗಿದ್ದರು. ಅಲ್ಲಿ ಬೆಳಗಿನ ಜಾವವೆಂಬುದನ್ನೂ ನೋಡದೆ ಹುಡುಗ ಮೈಸೂರಿಗೆ ಫೋನು ಮಾಡಿ, ‘ತಾತ, ಕ್ಯಾಚ್ ಸೈಡಿಂಗ್ ಹಿಡೀತು!’ ಎಂದು ಕೂಗಿದ. ಆ ಕಡೆಯಿಂದ ಬಂದ ಪ್ರಶ್ನೆ ಒಂದೇ: ‘ಯಾರಿಗೂ ಪೆಟ್ಟಾಗಲಿಲ್ಲ ತಾನೆ?’

ಬಂಧುಗಳೇ, ಊರನ್ನು ಬಿಟ್ಟು ಬಂದ ನಾವೆಲ್ಲರೂ ಊರನ್ನು ಚಿಕ್ಕದು ಮಾಡಿ ತಂದವರೇ. ಹಬ್ಬವನ್ನು ಶನಿವಾರಕ್ಕೆ ಸರಿಸುತ್ತೇವೆ, ಐದು ದಿನದ ಮದುವೆಯನ್ನು ಒಂದು ದಿನಕ್ಕೆ ಇಳಿಸುತ್ತೇವೆ. ಜಾಗ ಸಾಲದಿದ್ದಾಗ ಬಿಡಲೇಬೇಕು, ತಪ್ಪಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ಮಾತ್ರ ತಿಳಿದವರನ್ನು ಕೇಳಿ ಬಿಡೋಣ. ಅಂಥವರು ನಮ್ಮ ಮನೆಗಳಲ್ಲೇ ಕಿಟಕಿಯ ಬಳಿ ಕೂತಿರುತ್ತಾರೆ.

ಊಟದ ನಂತರ ಹಿಂದಿನ ಕೋಣೆಗೆ ಬನ್ನಿ. ರೈಲು ಓಡಿಸುವುದು ಮಕ್ಕಳೇ. ಹಳಿಯನ್ನು ಕೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತರೆ ಕರೆಂಟು ಹರಿಯುವುದಿಲ್ಲ. ಒಂದು ಹಲಗೆ ಸಾಲಿನಿಂದ ಹೊರಗೆ ಚಾಚಿಕೊಂಡಿರುವುದನ್ನು ಕಂಡು ಇದೇಕೆ ಹೀಗೆ ಎಂದು ಯಾರೂ ಕೇಳದಿರಬೇಡಿ. ಉತ್ತರ ಹೇಳಲು ಒಬ್ಬ ಹುಡುಗ ಕನ್ನಡದಲ್ಲಿ ಕಾದು ನಿಂತಿದ್ದಾನೆ.