ದಾರವೂ ದನಿಯೂ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ವಿಜ್ಞಾನ ಮಂಡಳದ ಪರವಾಗಿ ಮಾಡಿದ ಭಾಷಣ)



ಈ ವೇದಿಕೆಯಿಂದ ವಿದ್ಯೆ, ವಿನಯ, ದೇಶಸೇವೆಗಳನ್ನು ಕುರಿತು ಹಿರಿಯರು ಆಡುವ ಮಾತುಗಳನ್ನು ನೀವು ವರುಷ ವರುಷವೂ ಕೇಳುತ್ತ ಬಂದಿದ್ದೀರಿ. ಇಂದು ನಾವು ಅಷ್ಟು ದೊಡ್ಡ ವಿಷಯವನ್ನು ಎತ್ತಿಕೊಂಡು ಬಂದಿಲ್ಲ. ಒಂದೂಕಾಲು ಮೊಳ ದಾರದ ಕಥೆಯನ್ನು ಹೇಳಲು ನಿಂತಿದ್ದೇವೆ. ಆ ದಾರವು ನಮಗೆ ಈ ವರುಷ ಒಂದು ಪಾಠವನ್ನು ಕಲಿಸಿತು. ಅದಕ್ಕೂ ಮೊದಲು ನಮ್ಮಿಂದ ಒಂದು ತಪ್ಪನ್ನು ಒಪ್ಪಿಸಿತು. ತಪ್ಪಿನಿಂದಲೇ ಆರಂಭಿಸುವುದು ಲೇಸು.

ನಮ್ಮ ಸಂಘದ ಕಪಾಟಿನಲ್ಲಿ ಹಿರಿಯರೊಬ್ಬರು ದಾನವಾಗಿ ಕೊಟ್ಟ ಕನ್ನಡ ಮುದ್ರಿಕೆಗಳು ಕೆಲವಿವೆ. ಅವುಗಳ ಜೊತೆಗೆ ಒಂದು ಹಳೆಯ ರೆಕಾರ್ಡ್ ಪ್ಲೇಯರೂ ಇದೆ. ಪ್ರಾರ್ಥನೆಯ ಹೊತ್ತಿಗೆ ಹಾಡಲೆಂದು ದಾಸರ ಪದವೊಂದನ್ನು ಆ ಮುದ್ರಿಕೆಯಿಂದ ಮಕ್ಕಳಿಗೆ ಕಲಿಸುತ್ತಿದ್ದೆವು. ಐದನೆಯ ಇಯತ್ತೆಯ ಬಾಲಕಿಯೊಬ್ಬಳು ಅದನ್ನು ಬಹು ಬೇಗ ಕಲಿತಳು. ಆದರೆ ಹಾರ್ಮೋನಿಯಮ್ಮಿನ ಜೊತೆಗೆ ಹಾಡಿಸಿದಾಗ ಅವಳ ದನಿ ಬಿಳಿಯ ಮನೆಗೂ ಕೂಡಲಿಲ್ಲ, ಕರಿಯ ಮನೆಗೂ ಕೂಡಲಿಲ್ಲ. ದೀರ್ಘವಾಗಿ ಎಳೆಯಬೇಕಾದಲ್ಲಿ ಸ್ವರ ತುಸು ನಡುಗುತ್ತಿತ್ತು. “ಶ್ರುತಿ ಬಿಟ್ಟು ಹಾಡುತ್ತೀಯೆ, ತಂಗಿ” ಎಂದು ನಾವು ಎಲ್ಲರೆದುರು ತಿದ್ದಿದೆವು. ಅವಳು ಕಣ್ಣು ತುಂಬಿಕೊಂಡು, “ಪ್ಲೇಟಿನಾಗ ಹಂಗ ಅದರಿ” ಎಂದಳು.

ಆ ಮಾತು ನಮ್ಮನ್ನು ರಾತ್ರಿಯೆಲ್ಲ ಕಾಡಿತು. ಮರುದಿನ ಮುದ್ರಿಕೆಯನ್ನು ಹಾಕಿ ಕಿವಿಗೊಟ್ಟು ಕೇಳಿದೆವು. ಬಾಲಕಿಯ ಮಾತು ದಿಟ. ಹಿಮ್ಮೇಳದ ತಂಬೂರಿಯ ನಾದವೇ ಗಾಳಿಗೆ ಸಿಕ್ಕ ದೀಪದಂತೆ ಅಲುಗುತ್ತಿತ್ತು. ಅವಳು ಗುರುವೆಂದು ನಂಬಿದ ಯಂತ್ರವೇ ಶ್ರುತಿ ತಪ್ಪಿತ್ತು. ಅವಳು ಅದನ್ನು ನಿಷ್ಠೆಯಿಂದ ಅನುಸರಿಸಿದ್ದಳು. ನಾವು ತಿದ್ದಬೇಕಾದುದು ಯಂತ್ರವನ್ನು, ತಿದ್ದಿದ್ದು ಮಗುವನ್ನು. ಆ ದಿನದಿಂದ ವಿಜ್ಞಾನ ಮಂಡಳದ ಮಕ್ಕಳೂ ನಾವೂ ಕೂಡಿ ಈ ಯಂತ್ರದ ಚಿಕಿತ್ಸೆಗೆ ತೊಡಗಿದೆವು.

ಮಕ್ಕಳೆ, ಮುದ್ರಿಕೆಯಲ್ಲಿ ದನಿ ಇರುವುದು ಹೇಗೆಂಬುದನ್ನು ಮೊದಲು ತಿಳಿಯಿರಿ. 1877ರಲ್ಲಿ ಅಮೆರಿಕದ ಎಡಿಸನ್ನನು ತವರದ ತೆಳುಹಾಳೆಯನ್ನು ಸುತ್ತಿದ ಉರುಳೆಯ ಮೇಲೆ ದನಿಯನ್ನು ಗೀರಿ, ಮತ್ತೆ ಅದನ್ನು ನುಡಿಸಿ ತೋರಿಸಿದನು. ಹತ್ತು ವರುಷಗಳ ತರುವಾಯ ಎಮಿಲ್ ಬರ್ಲಿನರನು ಉರುಳೆಯನ್ನು ಬಿಟ್ಟು ಚಪ್ಪಟೆಯಾದ ತಟ್ಟೆಯನ್ನು ಬಳಕೆಗೆ ತಂದನು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಮುದ್ರಣಗೊಂಡಿತು. ನಮ್ಮ ನಾಡಿನವರೇ ಆದ ಮಲ್ಲಿಕಾರ್ಜುನ ಮನ್ಸೂರರ ಹಾಗೂ ಗಂಗೂಬಾಯಿ ಹಾನಗಲ್ಲರ ತರುಣದನಿಗಳನ್ನು 1930ರ ದಶಕದ ಮುದ್ರಿಕೆಗಳು ಇಂದಿಗೂ ಕಾಯ್ದುಕೊಂಡಿವೆ. ಆ ಕಾಲದ ಮುದ್ರಿಕೆಗಳು ನಿಮಿಷಕ್ಕೆ 78 ಸುತ್ತು ತಿರುಗುವವು. 1948ರಲ್ಲಿ ಬಂದ ದೀರ್ಘ ಮುದ್ರಿಕೆ ನಿಮಿಷಕ್ಕೆ 33⅓ ಸುತ್ತಿನದು. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು.

ಮುದ್ರಿಕೆಯ ಗೀರಿನ ಏರಿಳಿತಗಳೇ ದನಿ. ಸೂಜಿಯ ಕೆಳಗೆ ಅವು ಯಾವ ವೇಗದಿಂದ ಹಾಯುತ್ತವೆಯೋ ಆ ವೇಗವೇ ಸ್ವರದ ಎತ್ತರವನ್ನು ನಿರ್ಣಯಿಸುತ್ತದೆ. ತಟ್ಟೆ ನೂರಕ್ಕೆ ಆರರಷ್ಟು ನಿಧಾನವಾಯಿತೆಂದರೆ ಷಡ್ಜವು ಹಾರ್ಮೋನಿಯಮ್ಮಿನ ಒಂದು ಮನೆ ಕೆಳಗೆ ಇಳಿಯುತ್ತದೆ. ತಟ್ಟೆ ಒಮ್ಮೆ ಬೇಗ, ಒಮ್ಮೆ ನಿಧಾನ ತಿರುಗಿದರೆ ಸ್ವರ ನಡುಗುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಸಲ ಆಗುವ ನಡುಕವನ್ನು ಮನುಷ್ಯನ ಕಿವಿ ಎಲ್ಲಕ್ಕಿಂತ ಬೇಗ ಹಿಡಿಯುತ್ತದೆ. ನಮ್ಮ ಯಂತ್ರದ ಮೋಟಾರು ನಿಮಿಷಕ್ಕೆ 250 ಸುತ್ತಿನದು, ಅಂದರೆ ಸೆಕೆಂಡಿಗೆ ನಾಲ್ಕಕ್ಕಿಂತ ತುಸು ಹೆಚ್ಚು. ಅದರ ಪುಲ್ಲಿಯಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ ಕಿವಿಗೆ ಏಕೆ ತಿಳಿಯುತ್ತದೆಂಬುದನ್ನು ನೀವೇ ಊಹಿಸಿರಿ.

ರೋಗ ಯಾವುದೆಂದು ತಿಳಿಯದೆ ಮದ್ದು ಕೊಡಬಾರದಷ್ಟೆ. ಹಾರ್ಮೋನಿಯಮ್ಮನ್ನೇ ಸಾಕ್ಷಿಯೆಂದು ನಂಬುವಂತಿರಲಿಲ್ಲ. ಒಂದೊಂದು ಪೆಟ್ಟಿಗೆಯ ಶ್ರುತಿ ಒಂದೊಂದು ಬಗೆಯಾಗಿರಬಹುದು. ಆದುದರಿಂದ ಮಕ್ಕಳು ದಪ್ಪ ಕಾಗದದ ಮೇಲೆ ವರ್ತುಲವನ್ನೆಳೆದು, ಕೋನಮಾಪಕದಿಂದ ಎರಡೆರಡು ಅಂಶಕ್ಕೆ ಒಂದರಂತೆ 180 ಗೆರೆಗಳನ್ನು ಹಾಕಿದರು. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಸ್ವಿಚ್ಚಿನ ಹಲಗೆಯಲ್ಲಿರುವಂಥ ಸಣ್ಣ ಕೆಂಪು ನಿಯಾನ್ ದೀಪ ಅದರಿಂದ ಸೆಕೆಂಡಿಗೆ 100 ಸಲ ಮಿನುಗುತ್ತದೆ, 1.8 ಸೆಕೆಂಡಿಗೆ ಸರಿಯಾಗಿ 180 ಸಲ. ಕತ್ತಲೆಯ ಕೋಣೆಯಲ್ಲಿ ಆ ದೀಪವನ್ನು ಹಿಡಿದಾಗ, ತಟ್ಟೆಯ ವೇಗ ಸರಿಯಾಗಿದ್ದರೆ ತಿರುಗುವ ಗೆರೆಗಳು ನಿಂತಂತೆ ಕಾಣಬೇಕು. ನಮ್ಮವು ನಿಲ್ಲಲಿಲ್ಲ, ಹಿಂದಕ್ಕೆ ಸರಿದವು, ತಡೆದವು, ಮತ್ತೆ ಸರಿದವು. ಮೋಟಾರೂ ದೀಪವೂ ಒಂದೇ ವಿದ್ಯುತ್ತನ್ನು ಅನುಸರಿಸುವುದರಿಂದ, ದೋಷವು ಮೋಟಾರಿಗೂ ತಟ್ಟೆಗೂ ನಡುವೆ ಇದೆಯೆಂಬುದು ನಿಶ್ಚಯವಾಯಿತು. ನಡುವೆ ಇದ್ದುದು ರಬ್ಬರಿನ ಬೆಲ್ಟು. ಅದು ಮುದಿಯಾಗಿ ಸಡಿಲಗೊಂಡು ಜಾರುತ್ತಿತ್ತು.

ಪೇಟೆಯಲ್ಲಿ ಬೇರೊಂದು ಬೆಲ್ಟನ್ನು ಕೊಂಡೆವು. ಅಳತೆ ಚಿಕ್ಕದಾದ ಅದನ್ನು ಜಗ್ಗಿ ಕೂಡಿಸಿದೆವು. ಜಾರುವುದು ನಿಂತಿತು, ಆದರೆ ಹಾಡಿನ ಹಿಂದೆ ಒಂದು ಗುಂಯ್‌ಗುಟ್ಟುವಿಕೆ ಎದ್ದಿತು. ಬಿಗಿದ ಬೆಲ್ಟು ಮೋಟಾರಿನ ಕಡ್ಡಿಯನ್ನು ಒಂದೇ ಕಡೆಗೆ ಎಳೆದು ಅದರ ಅದುರನ್ನು ಹೆಚ್ಚಿಸಿತ್ತು. ಬಲವೊಂದೇ ಸಾಲದೆಂಬುದು ನಮಗೆ ತಿಳಿದ ಮೊದಲನೆಯ ಮಾತು.

ಆಗ ಮಂಡಳದ ಬಾಲಕನೊಬ್ಬನು, “ಚರಕದಲ್ಲಿ ಚಕ್ರಕ್ಕೂ ಕದಿರಿಗೂ ದಾರವನ್ನೇ ಹಾಕಿರುವರಲ್ಲ, ಇಲ್ಲಿ ಏಕೆ ಹಾಕಬಾರದು?” ಎಂದನು. ಸೊಲ್ಲಾಪುರದ ಮಕ್ಕಳಿಗೆ ಈ ಪ್ರಶ್ನೆ ಹೊಳೆಯುವುದು ಸಹಜ. ಚರಕದಲ್ಲಿ ದೊಡ್ಡ ಚಕ್ರವು ಚಿಕ್ಕ ಕದಿರನ್ನು ತಿರುಗಿಸುತ್ತದೆ. ಇಲ್ಲಿ ಚಿಕ್ಕ ಪುಲ್ಲಿಯು ದೊಡ್ಡ ತಟ್ಟೆಯನ್ನು ತಿರುಗಿಸಬೇಕು. ರಬ್ಬರು ಹಿಗ್ಗಿ ಕುಗ್ಗುವ ವಸ್ತು. ತಟ್ಟೆಯ ಭಾರಕ್ಕೆ ಅದು ಸೂಕ್ಷ್ಮವಾಗಿ ತುಯ್ದಾಡುತ್ತದೆ. ಒಳ್ಳೆಯ ದಾರ ಅಷ್ಟು ಹಿಗ್ಗುವುದಿಲ್ಲ.

ದಾರಗಳನ್ನು ಒಂದೊಂದಾಗಿ ಪರೀಕ್ಷಿಸಿದೆವು. ಹತ್ತಿಯ ದಾರಕ್ಕೆ ಜುಂಗು ಹೆಚ್ಚು. ಹವೆಯ ತೇವಕ್ಕೆ ಅದರ ಬಿಗಿ ಬದಲಾಗುತ್ತದೆ. ಮೀನು ಹಿಡಿಯುವ ನೈಲಾನು ನುಣುಪಾಗಿ ಜಾರಿತು. ಸುರುಳಿಯ ವಂಕಿಯನ್ನೂ ಬಿಡಲಿಲ್ಲ. ರೇಶಿಮೆ ಚೆನ್ನಾಗಿತ್ತು. ಹೊಲಿಗೆಯ ಪಾಲಿಯೆಸ್ಟರ್ ದಾರ ಅದಕ್ಕೆ ಸಮನಾಗಿ ನಡೆಯಿತು, ಎಲ್ಲ ಅಂಗಡಿಗಳಲ್ಲೂ ಸಿಕ್ಕಿತು. ನಮ್ಮನ್ನು ಸೋಲಿಸಿದ್ದು ಗಂಟು. ಸುಮಾರು ಎರಡು ಸೆಕೆಂಡಿಗೊಮ್ಮೆ ಗಂಟು ಪುಲ್ಲಿಯನ್ನು ದಾಟುವಾಗ “ಟಕ್” ಎಂದು ಕೇಳುತ್ತಿತ್ತು.

ಅದನ್ನು ಬಗೆಹರಿಸಿದವರು ಈ ಸಭೆಯಲ್ಲಿಯೇ ಕುಳಿತಿರುವ ಪಾಲಕರೊಬ್ಬರು. ಬಹುಕಾಲ ಮಗ್ಗದ ಮುಂದೆ ಕುಳಿತವರು. ಹರಿದ ಹಾಸುನೂಲನ್ನು ಕೂಡಿಸುವ ನೇಕಾರರ ಗಂಟನ್ನು ಅವರು ಕ್ಷಣಾರ್ಧದಲ್ಲಿ ಹಾಕಿ, ತುದಿಗಳನ್ನು ಕತ್ತರಿಸಿ, ಬೆರಳಿನಿಂದ ಸವರಿ ತೋರಿಸಿದರು. ಗಂಟು ಎಲ್ಲಿದೆಯೆಂಬುದೇ ಕಣ್ಣಿಗೆ ಸುಲಭವಾಗಿ ಕಾಣಲಿಲ್ಲ. ದಾರವನ್ನು ಬಿಗಿಯಲು ಹೊರಟ ಬಾಲಕನಿಗೆ ಅವರು, “ತಮ್ಮಾ, ಭಾಳ ಜಗ್ಗಬ್ಯಾಡೊ. ಎಷ್ಟು ಬೇಕೊ ಅಷ್ಟ ಬಿಗಿ ಇರಲಿ” ಎಂದರು. ಮೋಟಾರಿನ ಮೂರು ತಿರುಪುಗಳನ್ನು ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಸರಿಸುತ್ತ, ದಾರವು ಜಾರದಷ್ಟು ಮಾತ್ರ ಬಿಗಿಯನ್ನು ಇರಿಸಿದೆವು.

ಆದರೆ ಗೆರೆಗಳು ಇನ್ನೂ ಹಿಂದಕ್ಕೆ ಸರಿಯುತ್ತಿದ್ದವು. ಈ ಸಲ ತಡೆಯದೆ, ಒಂದೇ ಸಮನೆ, ಸುತ್ತಿಗೆ ಆರು ಗೆರೆಗಳಂತೆ. ಇಲ್ಲಿ ಲೆಕ್ಕದ ಪುಸ್ತಕ ನೆರವಾಯಿತು. ಪುಲ್ಲಿಯ ವ್ಯಾಸ 20 ಮಿಲಿಮೀಟರು, ಒಳತಟ್ಟೆಯದು 156.5. ಬೆಲ್ಟಿನ ದಪ್ಪ 1 ಮಿಲಿಮೀಟರು ಎರಡಕ್ಕೂ ಕೂಡುತ್ತದೆ. ಆಗ ಪ್ರಮಾಣ 21ಕ್ಕೆ 157.5. ಮೋಟಾರಿನ 250 ಸುತ್ತಿಗೆ ತಟ್ಟೆಯ ಸುತ್ತು ಸರಿಯಾಗಿ 33⅓. ದಾರದ ದಪ್ಪ 0.2 ಮಾತ್ರ, ಪ್ರಮಾಣ 20.2ಕ್ಕೆ 156.7. ತಟ್ಟೆಯ ವೇಗ 32.2 ಸುತ್ತಿಗೆ ಇಳಿಯಿತು. ನೂರಕ್ಕೆ ಮೂರಕ್ಕಿಂತ ಹೆಚ್ಚಿನ ಈ ಕೊರತೆಯನ್ನು ತುಂಬಲು ಪುಲ್ಲಿಯ ವ್ಯಾಸವನ್ನು ಸುಮಾರು 0.7 ಮಿಲಿಮೀಟರು ಹೆಚ್ಚಿಸಬೇಕಾಯಿತು. ಬಟ್ಟೆಯ ಅಂಟುಪಟ್ಟಿಯನ್ನು ಸಮನಾಗಿ ಸುತ್ತಿದೆವು; ಅದರಿಂದ ದಾರಕ್ಕೆ ಹಿಡಿತವೂ ದೊರೆಯಿತು. ಪಟ್ಟಿಯ ತುದಿ ಒಂದರ ಮೇಲೊಂದು ಏರಿದರೆ ಪುಲ್ಲಿ ಓರೆಯಾಗಿ ಹಳೆಯ ನಡುಕವೇ ಮರಳುತ್ತದೆ. ಆದುದರಿಂದ ತುದಿಗೆ ತುದಿ ಮುಟ್ಟುವಂತೆ ಕತ್ತರಿಸಬೇಕು. ಏಳನೆಯ ಸಲದ ಯತ್ನಕ್ಕೆ ಗೆರೆಗಳು ನಿಂತವು. ಮಕ್ಕಳು ಚಪ್ಪಾಳೆ ತಟ್ಟಿದರು.

ಇಷ್ಟಾದರೂ ಕಥೆ ಮುಗಿಯಲಿಲ್ಲ. ನಡುಕ ಹೋಯಿತು, ಗುಂಯ್‌ಗುಟ್ಟುವಿಕೆ ಉಳಿಯಿತು. ರಬ್ಬರಿಗೆ ತುಯ್ದಾಡುವ ದೋಷವಿದ್ದಂತೆ ಮೋಟಾರಿನ ಅದುರನ್ನು ನುಂಗುವ ಗುಣವೂ ಇತ್ತು. ದಾರಕ್ಕೆ ಆ ಗುಣವಿಲ್ಲ; ಮೋಟಾರು ಹೇಳಿದುದನ್ನೆಲ್ಲ ಅದು ತಟ್ಟೆಗೆ ಮುಟ್ಟಿಸುತ್ತದೆ. ಆದುದರಿಂದ ದಾರವನ್ನು ಹಾಕಿದವನು ಮೋಟಾರನ್ನೂ ಶಾಂತಗೊಳಿಸಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಕೆಲಸ ಅರ್ಧವಾಗುತ್ತದೆ.

ಈ ಬಗೆಯ ಮೋಟಾರಿನ ವೇಗವನ್ನು ನಿರ್ಣಯಿಸುವುದು ವಿದ್ಯುತ್ತಿನ ಆವರ್ತನೆ, ಅದರ ಒತ್ತಡವಲ್ಲ. ಒತ್ತಡ ಹೆಚ್ಚಿದರೆ ಮೋಟಾರಿನ ಬಲ ಹೆಚ್ಚುತ್ತದೆ, ಅದರೊಡನೆ ಅದುರೂ ಹೆಚ್ಚುತ್ತದೆ. ಮೋಟಾರಿನಲ್ಲಿ ಎರಡು ಸುರುಳಿಗಳಿವೆ. ಒಂದರ ವಿದ್ಯುತ್ತು ಇನ್ನೊಂದರದಕ್ಕಿಂತ ಕಾಲು ಆವರ್ತನೆಯಷ್ಟು ಸರಿದಿರುವಂತೆ ಮಾಡಲು ಒಂದು ಕೆಪಾಸಿಟರನ್ನು ಇಟ್ಟಿರುತ್ತಾರೆ. ಅದು ಹಳೆಯದಾಗಿ ತನ್ನ ಅಳತೆ ತಪ್ಪಿದರೆ ಎರಡು ಸುರುಳಿಗಳೂ ಜೋಡೆತ್ತುಗಳಂತೆ ಸಮನಾಗಿ ಎಳೆಯಲಾರವು. ಸೆಕೆಂಡಿಗೆ 100 ಸಲದ ಅದುರು ಏಳುತ್ತದೆ. ಕೆಪಾಸಿಟರನ್ನು ಬದಲಿಸಿದಾಗ ಅರ್ಧ ಗುಂಯ್‌ಕಾರ ಅಡಗಿತು.

ಉಳಿದರ್ಧಕ್ಕೆ ಒತ್ತಡವನ್ನು ತಗ್ಗಿಸಿದೆವು. ನಮ್ಮ ಮೋಟಾರು 24 ವೋಲ್ಟಿನದು. 21ಕ್ಕೆ ಇಳಿಸಿದಾಗ ದನಿ ತಿಳಿಯಾಯಿತು. 19ಕ್ಕೆ ಇನ್ನೂ ತಿಳಿಯಾಯಿತು. 17ಕ್ಕೆ ಮೋಟಾರು ತಟ್ಟೆಯನ್ನು ಹೊರಡಿಸಲಾರದೆ ನಿಂತಿತು. ಬಲವು ಒತ್ತಡದ ವರ್ಗಕ್ಕೆ ಅನುಗುಣವಾಗಿ ತಗ್ಗುತ್ತದೆ. 19 ವೋಲ್ಟಿಗೆ ಅದು ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಹೊರಡುವಾಗ ಪೂರ್ಣ ಬಲ ಬೇಕು. ಓಟ ಹಿಡಿದ ಮೇಲೆ ಅಲ್ಪ ಬಲವೇ ಸಾಕು. ಆದುದರಿಂದ 24ರಲ್ಲಿ ಹೊರಡಿಸಿ, ಬಳಿಕ 19ಕ್ಕೆ ಇಳಿಸುವ ಗುಂಡಿಯೊಂದನ್ನು ಅಳವಡಿಸಿದೆವು. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ಗಡಿಯಾರದ ಮೋಟಾರಿನಂಥ ಅಲ್ಪಶಕ್ತಿಯ ಮೋಟಾರಿನಿಂದಲೇ ಉತ್ತಮ ರೆಕಾರ್ಡ್ ಪ್ಲೇಯರನ್ನು ರಚಿಸಿ ತೋರಿಸಿದ್ದರು. ದೊಡ್ಡವರು ನಡೆದ ದಾರಿಯನ್ನೇ ನಾವು ತಡವರಿಸಿ ಮುಟ್ಟಿದ್ದೆವು.

ಇಲ್ಲಿ ಒಂದು ಎಚ್ಚರಿಕೆ. ವಿದ್ಯುತ್ತಿನ ಕೆಲಸವನ್ನೆಲ್ಲ ಅದನ್ನು ಬಲ್ಲ ಶಿಕ್ಷಕರು ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿದರು. 230 ವೋಲ್ಟಿನ ತಂತಿ ಮಕ್ಕಳ ಆಟದ ವಸ್ತುವಲ್ಲ. ದಾರ, ಗಂಟು, ಅಳತೆಗಳು ನಿಮ್ಮವು; ತಂತಿಯನ್ನು ಹಿರಿಯರಿಗೆ ಬಿಡಿರಿ.

ತಾನು ಪಟ್ಟ ಶ್ರಮಕ್ಕೆ ಮನಸ್ಸು ಬೇಗ ಮೆಚ್ಚುಗೆ ಕೊಡುತ್ತದೆ. ಅದಕ್ಕಾಗಿ ಕೊನೆಗೆ ಪರದೆಯನ್ನು ಕಟ್ಟಿ, ಯಾವ ಬಾರಿ ಯಾವುದನ್ನು ಹಾಕಿದೆವೆಂಬುದನ್ನು ಹೇಳದೆ ಮಕ್ಕಳಿಗೆ ಕೇಳಿಸಿದೆವು. ಹಳೆಯ ಬೆಲ್ಟಿಗೂ ದಾರಕ್ಕೂ ಇರುವ ಭೇದವನ್ನು ಎಲ್ಲರೂ ಗುರುತಿಸಿದರು. ರೇಶಿಮೆಗೂ ಪಾಲಿಯೆಸ್ಟರಿಗೂ ಇರುವ ಭೇದವನ್ನು ಯಾರೂ ಗುರುತಿಸಲಿಲ್ಲ, ನಾವೂ ಗುರುತಿಸಲಿಲ್ಲ. ಒಂದು ಮುದ್ರಿಕೆಯಲ್ಲಿ ಮಾತ್ರ 1.8 ಸೆಕೆಂಡಿಗೊಮ್ಮೆ ಸ್ವರ ತೂಗುವುದು ಉಳಿಯಿತು. ಅದರ ನಡುವಿನ ತೂತೇ ಓರೆಯಾಗಿದೆ. ಯಾವ ದಾರವೂ ಅದನ್ನು ನೆಟ್ಟಗೆ ಮಾಡದು. ಎಲ್ಲ ಯಂತ್ರಗಳಿಗೂ ದಾರವೇ ಮದ್ದೆಂದೂ ನಾವು ಹೇಳುವುದಿಲ್ಲ. ಮೋಟಾರಿನ ಮೇಲೆಯೇ ತಟ್ಟೆ ಕುಳಿತಿರುವ ಯಂತ್ರಗಳಿಗೆ ದಾರವೂ ಬೇಡ, ಬೆಲ್ಟೂ ಬೇಡ. ತಕ್ಕ ಅಳತೆಯ ಹೊಸ ಬೆಲ್ಟು ದೊರೆತಿದ್ದರೆ ನಮ್ಮ ಯಂತ್ರವೂ ಅದರಿಂದಲೇ ತೃಪ್ತಿ ಪಡುತ್ತಿತ್ತೋ ಏನೋ.

ಕಿಸೆಯಲ್ಲಿರುವ ಮೊಬೈಲಿನಲ್ಲಿ ಸಾವಿರ ಹಾಡುಗಳು ಸಿಕ್ಕುವ ಈ ಕಾಲದಲ್ಲಿ ಇಷ್ಟು ಪಾಡು ಏಕೆ ಎಂದು ಪಾಲಕರು ಕೇಳಬಹುದು. ನಮ್ಮ ಕಪಾಟಿನಲ್ಲಿರುವ ಮುದ್ರಿಕೆಗಳೆಲ್ಲ ಅಲ್ಲಿ ಸಿಕ್ಕುವುದಿಲ್ಲ. ಬೀದಿಗೆ ಇಳಿದೊಡನೆ ಮೂರು ನಾಲ್ಕು ಭಾಷೆಗಳು ಕಿವಿಗೆ ಬೀಳುವ ಈ ಊರಿನಲ್ಲಿ ತಿಳಿಯಾದ ಕನ್ನಡದ ಹಾಡು ಮಕ್ಕಳಿಗೆ ಕೇಳಿಸುವ ತಾವುಗಳು ಕೆಲವೇ. ಆ ಕೆಲವಾದರೂ ಶುದ್ಧವಾಗಿರಲಿ ಎಂಬುದು ನಮ್ಮ ಆಸೆ. ಇದರ ಮೇಲೆ, ಈ ಯಂತ್ರದಲ್ಲಿ ಕಾರಣವೂ ಕಾರ್ಯವೂ ಕಣ್ಣೆದುರಿಗೇ ತಿರುಗುತ್ತವೆ. ಬೆರಳಿನಿಂದ ಮುಟ್ಟಿ ಕಲಿಯಬಹುದು.

ಮಕ್ಕಳೆ, ಒಳ್ಳೆಯ ದನಿ ಹೆಚ್ಚಿನ ಬಲದಿಂದ ಬರಲಿಲ್ಲ. ಸಮನಾದ, ಮೆಲುವಾದ, ಬಿಡದ ಎಳೆತದಿಂದ ಬಂದಿತು. ಸಡಿಲಾದ ಬೆಲ್ಟು ಜಾರಿತು, ಬಿಗಿದ ಬೆಲ್ಟು ಗುಂಯ್‌ಗುಟ್ಟಿತು. ಕಲಿಸುವ ನಮಗೂ ಈ ಮಾತು ಸಲ್ಲುತ್ತದೆ.

ಸೂಜಿಯನ್ನು ಇಳಿಸಿದ ಆ ದಿನ, ಮೊದಲು ಕೇಳಲು ಕರೆದುದು ಆ ಐದನೆಯ ಇಯತ್ತೆಯ ಬಾಲಕಿಯನ್ನು. ಅವಳು ಮುದ್ರಿಕೆಯೊಡನೆ ದನಿಗೂಡಿಸಿದಳು. ದೀರ್ಘಸ್ವರ ನೆಟ್ಟಗೆ ನಿಂತಿತು. ಅಂದು ಎಲ್ಲರೆದುರು ಆಡಿದ ಮಾತನ್ನು ನಾವು ಎಲ್ಲರೆದುರೇ ಹಿಂದಕ್ಕೆ ಪಡೆದೆವು. ಇಂದು ಈ ಸಭೆಯಲ್ಲಿ ಮತ್ತೊಮ್ಮೆ ಪಡೆಯುತ್ತೇವೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವಳೇ ಆ ಪದವನ್ನು ಹಾಡಲಿದ್ದಾಳೆ. ನಮ್ಮ ಮಾತು ಇಲ್ಲಿಗೆ ಸಾಕು. ಅವಳ ಹಾಡನ್ನು ಕೇಳಿರಿ.